ಕಯಾಕ್ ವಿಹಾರ: ಅಢಾವೆ ಪತ್ರಿಕೆಯಲ್ಲಿ ಕಾಣದ ಬಂಡವಾಳ

ಎರಡೂ ತುದಿ ಚೂಪಾಗಿರುವ, ಒಬ್ಬರು ಅಥವಾ ಇಬ್ಬರು ಮಾತ್ರ ಕುಳಿತು, ಎರಡು ಕೊನೆಗಳಲ್ಲೂ ಅಲಗುಳ್ಳ ಒಂದೇ ಹುಟ್ಟಿನಿಂದ ನಡೆಸುವ ಕಿರುದೋಣಿಗೆ ಕಯಾಕ್ ಎಂದು ಹೆಸರು. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾ ನದಿಯ ಕಾಂಡ್ಲಾ ಕಾಡುಗಳ ನಡುವೆಯೂ ಕಾಳಿ ನದಿಯ ಗಣೇಶಗುಡಿಯಲ್ಲಿಯೂ ಪ್ರವಾಸಿಗರಿಗೆ ಇದು ಬಾಡಿಗೆಗೆ ದೊರೆಯುತ್ತದೆ. ಹೊಸದಾಗಿ ಈ ವ್ಯವಹಾರಕ್ಕೆ ಇಳಿಯುವವರು ಹಾಕುವ ಲೆಕ್ಕ ಸರಳವಾದುದು: ಇಷ್ಟು ದೋಣಿ, ಇಷ್ಟು ಹುಟ್ಟು, ಇಷ್ಟು ಲೈಫ್ ಜಾಕೆಟ್, ದಡದಲ್ಲೊಂದು ಶೆಡ್ಡು, ಗಂಟೆಗೆ ಇಷ್ಟು ಬಾಡಿಗೆ. ಆದರೆ ಗ್ರಾಹಕನು ಹಣ ತೆರುವುದು ದೋಣಿಗಲ್ಲ. ದೋಣಿಯೊಂದೇ ಬೇಕಿದ್ದರೆ ಊರ ಕೆರೆಯಲ್ಲಿಯೂ ಹುಟ್ಟು ಹಾಕಬಹುದಿತ್ತು. ತನ್ನ ಪಾಡಿಗೆ ತಾನಿರುವ ಹಕ್ಕಿಯನ್ನು, ನೀರುನಾಯಿಯನ್ನು, ಮೊಸಳೆಯನ್ನು ನೀರಿನ ಮಟ್ಟದಲ್ಲೇ ಕುಳಿತು ನೋಡುವ ಅವಕಾಶಕ್ಕೆ ಆತ ಹಣ ಕೊಡುತ್ತಾನೆ. ಈ ಸರಕಿಗೆ ಖರೀದಿ ರಸೀದಿಯಿಲ್ಲ, ದಾಸ್ತಾನು ಪುಸ್ತಕದಲ್ಲಿ ನಮೂದಿಲ್ಲ, ಸವಕಳಿಯನ್ನು ಯಾರೂ ಕಳೆಯುವುದಿಲ್ಲ. ಅದು ಸವೆಯುತ್ತದೆ ಎಂಬುದು ಮಾತ್ರ ನಿಜ. ಇದನ್ನು ಸ್ಪಷ್ಟವಾಗಿ ತೋರಿಸುವ ನಿದರ್ಶನವೊಂದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದೆ. ಅಲ್ಲಿ ಇದೇ ದೋಣಿ, ಇದೇ ಪ್ರಾಣಿಯನ್ನು ಆಧರಿಸಿ, ಎರಡು ಬೇರೆ ಬೇರೆ ಕಾಲಗಳಲ್ಲಿ ಎರಡು ವ್ಯಾಪಾರಗಳನ್ನು ನಡೆಸಿದೆ.

ಬೇಟೆಗೆಂದು ಹುಟ್ಟಿದ ದೋಣಿ

ಕಯಾಕ್ ವಿಹಾರಕ್ಕಾಗಿ ಹುಟ್ಟಿದ್ದಲ್ಲ. ಉತ್ತರ ಧ್ರುವ ಪ್ರದೇಶದ ಇನ್ಯೂಟರು ಮತ್ತು ಅಲ್ಯೂಷಿಯನ್ ದ್ವೀಪಗಳ ಅಲ್ಯೂಟರು ತೇಲಿ ಬಂದ ಮರದ ಚೌಕಟ್ಟಿಗೆ ಸೀಲ್ ಅಥವಾ ಕಡಲ ಸಿಂಹದ ಚರ್ಮವನ್ನು ಬಿಗಿದು ಇದನ್ನು ಕಟ್ಟುತ್ತಿದ್ದರು. ಇದರ ರಚನೆಯ ಪ್ರತಿಯೊಂದು ಅಂಶವೂ ಒಂದೇ ಉದ್ದೇಶಕ್ಕೆ ಒದಗಿತ್ತು: ಪ್ರಾಣಿಗೆ ಸುಳಿವು ಸಿಗದಂತೆ ಅದರ ಹತ್ತಿರಕ್ಕೆ ಹೋಗುವುದು. ದೋಣಿ ತಗ್ಗಾಗಿತ್ತು, ಸದ್ದಿಲ್ಲದೆ ಸಾಗುತ್ತಿತ್ತು, ಆಳವಿಲ್ಲದ ನೀರಿನಲ್ಲೂ ದಡವನ್ನು ಅಂಟಿಕೊಂಡು ಚಲಿಸುತ್ತಿತ್ತು.

1741ರಲ್ಲಿ ವೈಟಸ್ ಬೇರಿಂಗನ ನೇತೃತ್ವದಲ್ಲಿ ಹೊರಟ ರಷ್ಯಾದ ಯಾನದ ಹಡಗು ಹಿಂದಿರುಗುವಾಗ ಒಡೆಯಿತು. ಬದುಕುಳಿದವರು ಮರುವರ್ಷ ಕಮ್ಚಟ್ಕಾಕ್ಕೆ ಮರಳಿದಾಗ ಅವರ ಬಳಿ ಕಡಲ ನೀರುನಾಯಿಯ ತುಪ್ಪಳಗಳಿದ್ದವು. ರಷ್ಯಾ ಮತ್ತು ಚೀನಾ ಗಡಿಯ ಕ್ಯಾಖ್ತಾ ಪೇಟೆಯಲ್ಲಿ ಚೀನೀ ವರ್ತಕರು ಈ ತುಪ್ಪಳಕ್ಕೆ ಭಾರಿ ಬೆಲೆ ಕೊಡುತ್ತಿದ್ದರು. ಬದಲಿಗೆ ರಷ್ಯಾಕ್ಕೆ ಚಹಾ ಹೋಗುತ್ತಿತ್ತು. ಸುದ್ದಿ ಹಬ್ಬಿದ ಕೂಡಲೇ ವರ್ತಕರು ದ್ವೀಪಗಳತ್ತ ಹಡಗು ತಿರುಗಿಸಿದರು. ಆದರೆ ಚುರುಕಾದ ಈ ಪ್ರಾಣಿಯನ್ನು ನಡುಗಡಲಲ್ಲಿ ಹಿಡಿಯುವ ವಿದ್ಯೆ ಅವರಿಗೆ ತಿಳಿದಿರಲಿಲ್ಲ. ಅದು ಅಲ್ಯೂಟರ ಕೈಯಲ್ಲಿತ್ತು. ಆದ್ದರಿಂದ ಅವರ ಹೆಂಡಿರು ಮಕ್ಕಳನ್ನು ಒತ್ತೆಯಿಟ್ಟುಕೊಂಡು ಗಂಡಸರನ್ನು ಬೇಟೆಗೆ ಅಟ್ಟಲಾಯಿತು. ವಾಣಿಜ್ಯದ ಇತಿಹಾಸದಲ್ಲಿ ಹೆಮ್ಮೆಪಡುವಂಥ ಅಧ್ಯಾಯವಲ್ಲ ಅದು.

1799ರಲ್ಲಿ ಏಕಸ್ವಾಮ್ಯದ ಸನ್ನದು ಪಡೆದ ರಷ್ಯನ್-ಅಮೆರಿಕನ್ ಕಂಪನಿಯು ಇದೇ ವ್ಯವಸ್ಥೆಯನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಿತು. ಅಲಾಸ್ಕಾ ಭಾಗದಲ್ಲಿ ಪ್ರಾಣಿಗಳು ವಿರಳವಾದಂತೆ ಬೇಟೆಗಾರರೂ ಅವರ ದೋಣಿಗಳೂ ದಕ್ಷಿಣಕ್ಕೆ ಸಾಗಿದವು. 1803ರಲ್ಲಿ ಜೋಸೆಫ್ ಓಕೇನ್ ಎಂಬ ಅಮೆರಿಕನ್ ಹಡಗಿನ ಕಪ್ತಾನನು ಕಂಪನಿಯೊಡನೆ ಪಾಲು ಕರಾರು ಮಾಡಿಕೊಂಡ: ಬೇಟೆಗಾರರು ಮತ್ತು ದೋಣಿಗಳು ಕಂಪನಿಯವು, ಹಡಗು ಕಪ್ತಾನನದು, ತುಪ್ಪಳದಲ್ಲಿ ಇಬ್ಬರಿಗೂ ಪಾಲು. 1812ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫೋರ್ಟ್ ರಾಸ್ ಎಂಬ ಠಾಣೆಯೇ ಎದ್ದಿತು. ಮೂರು ದಶಕ ತುಂಬುವ ಮೊದಲೇ, 1841ರಲ್ಲಿ, ಅದನ್ನು ಮಾರಬೇಕಾಯಿತು. ಸುತ್ತಲಿನ ಕಡಲಲ್ಲಿ ಹಿಡಿಯಲು ನೀರುನಾಯಿಗಳೇ ಉಳಿದಿರಲಿಲ್ಲ. 1867ರಲ್ಲಿ ರಷ್ಯಾ ಅಲಾಸ್ಕಾವನ್ನೇ 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿತು. ಅದಕ್ಕೆ ರಾಜಕೀಯ ಕಾರಣಗಳು ಹಲವಿದ್ದವು. ತುಪ್ಪಳದ ಆದಾಯ ಇಳಿದದ್ದೂ ಅವುಗಳಲ್ಲೊಂದು.

ಕಂಪನಿಯವರಿಗೆ ಇದು ತಿಳಿಯದೆ ಆದದ್ದಲ್ಲ. ಬೇಟೆ ಇಳಿಮುಖವಾದುದನ್ನು ಕಂಡು ಅವರೇ ಕೆಲವೆಡೆ ಬಿಡುವಿನ ಅವಧಿಗಳನ್ನು ಗೊತ್ತುಪಡಿಸಿದ್ದರು. ಆದರೆ ಮಾಲೀಕತ್ವ ಬದಲಾದ ಮೇಲೆ ಬಂದವರು ಆ ಕಟ್ಟುಪಾಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1911ರಲ್ಲಿ ಅಮೆರಿಕ, ರಷ್ಯಾ, ಜಪಾನ್ ಮತ್ತು ಬ್ರಿಟನ್ ಒಪ್ಪಂದವೊಂದಕ್ಕೆ ಸಹಿ ಹಾಕಿ ಬೇಟೆಯನ್ನು ನಿಲ್ಲಿಸುವ ಹೊತ್ತಿಗೆ, ಒಂದು ಕಾಲಕ್ಕೆ ಲಕ್ಷಗಳಲ್ಲಿದ್ದ ಪ್ರಾಣಿ ಇಡೀ ಜಗತ್ತಿನಲ್ಲಿ ಒಂದೆರಡು ಸಾವಿರದಷ್ಟು ಮಾತ್ರ ಉಳಿದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅದು ಅಳಿದೇ ಹೋಯಿತೆಂದು ಬಹುತೇಕರು ಭಾವಿಸಿದ್ದರು. 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಸುಮಾರು 50 ಪ್ರಾಣಿಗಳ ಗುಂಪೊಂದು ಕಣ್ಣಿಗೆ ಬಿದ್ದಿತು. ಇಂದು ಆ ರಾಜ್ಯದಲ್ಲಿರುವ ಸುಮಾರು 3,000 ಕಡಲ ನೀರುನಾಯಿಗಳು ಆ ಗುಂಪಿನ ಸಂತತಿ.

ದರ್ಜಿಯ ಅಂಗಡಿಯಿಂದ ಪ್ಲಾಸ್ಟಿಕ್ ಅಚ್ಚಿಗೆ

ದೋಣಿಯೂ ಈ ನಡುವೆ ಬದಲಾಯಿತು. ಮಡಚಿ ಚೀಲದಲ್ಲಿ ಹೊತ್ತೊಯ್ಯಬಹುದಾದ ಬಟ್ಟೆ ಹೊದಿಕೆಯ ಕಯಾಕ್ ಒಂದನ್ನು 1905ರಲ್ಲಿ ಆಲ್ಫ್ರೆಡ್ ಹಾಯ್ರಿಶ್ ಎಂಬ ಜರ್ಮನ್ ವಿದ್ಯಾರ್ಥಿ ರೂಪಿಸಿದ. ರೋಸೆನ್‌ಹೈಮ್ ಊರಿನ ಯೋಹಾನ್ ಕ್ಲೆಪ್ಪರ್ ಎಂಬ ದರ್ಜಿ ಅದರ ಹಕ್ಕನ್ನು ಕೊಂಡು ತಯಾರಿಕೆಗೆ ಇಳಿದ. ಬೇಟೆಯ ಸಾಧನ ಹೀಗೆ ರಜಾದಿನದ ಸಾಧನವಾಯಿತು. 1970ರ ದಶಕದಿಂದೀಚೆಗೆ ಪಾಲಿಥಿಲೀನ್ ಪುಡಿಯನ್ನು ಲೋಹದ ಅಚ್ಚಿಗೆ ತುಂಬಿ, ಕಾಯಿಸುತ್ತಾ ಎರಡು ದಿಕ್ಕಿಗೆ ತಿರುಗಿಸಿ ಒಂದೇ ತುಂಡಾಗಿ ದೋಣಿ ತೆಗೆಯುವ ರೊಟೇಶನಲ್ ಮೌಲ್ಡಿಂಗ್ ವಿಧಾನ ಬಂದಿತು. ನಮ್ಮ ಮನೆಗಳ ತಾರಸಿಯ ಮೇಲಿರುವ ನೀರಿನ ಟ್ಯಾಂಕುಗಳು ತಯಾರಾಗುವುದೂ ಇದೇ ವಿಧಾನದಲ್ಲಿ. ಬಂಡೆಗೆ ತಾಗಿದರೂ ಒಡೆಯದ, ಕಲಿಯುವವರ ಒರಟುತನವನ್ನು ತಾಳಿಕೊಳ್ಳುವ ಅಗ್ಗದ ದೋಣಿ ದೊರೆತ ಮೇಲೆ ಬಾಡಿಗೆ ವ್ಯಾಪಾರ ಎಲ್ಲೆಡೆ ಹಬ್ಬಿತು. ಎಂಜಿನ್ ಇಲ್ಲ, ಹೊಗೆಯಿಲ್ಲ, ಎಣ್ಣೆ ಸೋರುವುದಿಲ್ಲ. ಆದ್ದರಿಂದ ಪ್ರಕೃತಿಗೆ ಹಾನಿಯೂ ಇಲ್ಲ ಎಂಬ ಪ್ರಚಾರ ಅದರ ಜೊತೆಗೇ ಬೆಳೆಯಿತು. ಹೊಗೆ ಮತ್ತು ಎಣ್ಣೆಯ ಮಟ್ಟಿಗೆ ಅದು ನಿಜ. ಉಳಿದದ್ದು ಅರ್ಧಸತ್ಯ.

ನೀರುನಾಯಿಯ ದಿನಗೂಲಿ

ಮಾಂಟೆರೇ ಕೊಲ್ಲಿಯ ಮಧ್ಯದಲ್ಲಿ ಮಾಸ್ ಲ್ಯಾಂಡಿಂಗ್ ಎಂಬ ಸಣ್ಣ ಮೀನುಗಾರಿಕೆ ಬಂದರಿದೆ. ಅಲ್ಲಿಂದ ಒಳನಾಡಿಗೆ ಸುಮಾರು 11 ಕಿ.ಮೀ. ಚಾಚಿರುವ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಯಲ್ಲಿ ನೂರಕ್ಕೂ ಹೆಚ್ಚು ಕಡಲ ನೀರುನಾಯಿಗಳು ವಾಸಿಸುತ್ತವೆ. ಬಂದರಿನಲ್ಲೇ ಕಯಾಕ್ ಬಾಡಿಗೆಯ ಅಂಗಡಿಗಳಿವೆ. ಇಡೀ ವ್ಯಾಪಾರ ನಿಂತಿರುವುದು ಆ ಪ್ರಾಣಿಯ ಮೇಲೆ.

ತಿಮಿಂಗಿಲ ಮತ್ತು ಸೀಲ್‌ಗಳಿಗೆ ಚರ್ಮದಡಿ ದಪ್ಪನೆಯ ಕೊಬ್ಬಿನ ಪದರವಿರುತ್ತದೆ. ಅದು ಚಳಿಗೆ ಹೊದಿಕೆ, ಹಸಿವಿಗೆ ಮೀಸಲು ನಿಧಿ. ಕಡಲ ನೀರುನಾಯಿಗೆ ಅದಿಲ್ಲ. ಅದಕ್ಕಿರುವುದು ಪ್ರಾಣಿಲೋಕದಲ್ಲೇ ಅತ್ಯಂತ ಒತ್ತಾದ ತುಪ್ಪಳ, ಚದರ ಅಂಗುಲಕ್ಕೆ ಹತ್ತು ಲಕ್ಷದವರೆಗೆ ಕೂದಲು, ಮತ್ತು ಸದಾ ಉರಿಯುವ ಜಠರಾಗ್ನಿ. ತಣ್ಣೀರಿನಲ್ಲಿ ಬೆಚ್ಚಗಿರಲು ಅದು ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ಏಡಿ, ಚಿಪ್ಪುಮೀನುಗಳನ್ನು ತಿನ್ನಬೇಕು. ಎಂದರೆ ಠೇವಣಿಯಿಲ್ಲದ ದಿನಗೂಲಿಯ ಬದುಕು: ಅಂದು ದುಡಿದದ್ದು ಅಂದಿಗೇ ಖರ್ಚು. ಮರಿಯಿರುವ ತಾಯಿಯ ಸ್ಥಿತಿ ಇನ್ನೂ ಬಿಗಿ. ಮರಿ ಆರು ತಿಂಗಳದ್ದಾಗುವ ಹೊತ್ತಿಗೆ ತಾಯಿಯ ದಿನದ ಶಕ್ತಿವ್ಯಯ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಪ್ರವಾಸಿಗೆ ಸೋಮಾರಿತನದಂತೆ ಕಾಣುವ, ಬೆನ್ನ ಮೇಲೆ ಮಲಗಿ ತೇಲುವ ವಿಶ್ರಾಂತಿಯೇ ಅದರ ಉಳಿತಾಯ.

ಕಯಾಕ್ ಕೆಡಿಸುವುದು ಈ ಉಳಿತಾಯವನ್ನೇ. ಮೋಟಾರು ದೋಣಿಯ ಸದ್ದು ದೂರದಿಂದಲೇ ಕೇಳಿಸುತ್ತದೆ, ಅದು ಆಳದ ಕಾಲುವೆ ಬಿಟ್ಟು ಬರುವುದಿಲ್ಲ. ಪ್ರಾಣಿಗೆ ಅದರ ದಾರಿ ತಿಳಿದಿರುತ್ತದೆ. ಕಯಾಕ್ ಸದ್ದಿಲ್ಲದೆ, ಮೂತಿಯನ್ನು ನೇರ ಮುಂದೆ ಮಾಡಿ, ಹೊಂಚು ಹಾಕಿದ ಬೇಟೆಗಾರನ ರೀತಿಯಲ್ಲೇ ತೀರ ಹತ್ತಿರ ಪ್ರತ್ಯಕ್ಷವಾಗುತ್ತದೆ. ದಡದಲ್ಲಿ ಮಲಗಿದ ಸೀಲ್‌ಗಳು ಕಯಾಕ್ ಕಂಡು ಗುಂಪಾಗಿ ನೀರಿಗೆ ಧುಮುಕುವುದೂ ಇದರಿಂದಲೇ. ದೋಣಿ ಯಾವ ಕೆಲಸಕ್ಕೆಂದು ಕಟ್ಟಲ್ಪಟ್ಟಿತೋ ಆ ಕೆಲಸವನ್ನು, ಸವಾರನಿಗೆ ಅರಿವಿಲ್ಲದಿದ್ದರೂ, ಮಾಡುತ್ತಲೇ ಇದೆ. ಬೆಚ್ಚಿದ ನೀರುನಾಯಿ ಮುಳುಗುತ್ತದೆ, ಈಜಿ ದೂರ ಹೋಗುತ್ತದೆ, ಕಳೆದುಕೊಂಡ ಶಕ್ತಿಯನ್ನು ತುಂಬಲು ಮತ್ತೆ ಬೇಟೆಗೆ ಇಳಿಯಬೇಕಾಗುತ್ತದೆ. ಗ್ರಾಹಕನಿಗೆ ಅದು ದಿನದ ಒಂದೇ ಭೇಟಿ. ಬೇಸಿಗೆಯ ಭಾನುವಾರ ಆ ಪ್ರಾಣಿಗೆ ಅದು ಇಪ್ಪತ್ತನೆಯ ಭೇಟಿಯೂ ಆಗಿರಬಹುದು.

ಅಮೆರಿಕದ 1972ರ ಸಾಗರ ಸಸ್ತನಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪ್ರಾಣಿಯ ಸಹಜ ವರ್ತನೆಗೆ ಅಡ್ಡಿಪಡಿಸುವುದೂ ಅಪರಾಧ. (ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದೇ ವರ್ಷದ್ದು.) ಆದರೆ ಕಾಯ್ದೆಗಿಂತ ಉಪಯುಕ್ತವೆನಿಸಿರುವುದು 2015ರಲ್ಲಿ ಆರಂಭವಾದ ಸೀ ಆಟರ್ ಸ್ಯಾವಿ ಎಂಬ ಕಾರ್ಯಕ್ರಮ ಹೇಳಿಕೊಡುವ ಅಳತೆ: ಪ್ರಾಣಿಯಿಂದ ಐದು ಕಯಾಕ್ ಉದ್ದದಷ್ಟು, ಎಂದರೆ ಸುಮಾರು 60 ಅಡಿ ದೂರವಿರಬೇಕು. ನೀರಿನ ಮೇಲೆ ಅಡಿಗಳ ಅಂದಾಜು ಯಾರಿಗೂ ಸಿಗುವುದಿಲ್ಲ. ತಾನು ಕುಳಿತ ದೋಣಿಯ ಉದ್ದ ಎಲ್ಲರಿಗೂ ಕಾಣುತ್ತದೆ. ವ್ಯವಹಾರ ಬಲ್ಲವರ ಸೂತ್ರವಿದು. ಜೊತೆಗೆ, ಪ್ರಾಣಿಯತ್ತ ನೇರವಾಗಿ ಹೋಗದೆ ಪಕ್ಕದಿಂದ ಹಾದುಹೋಗಬೇಕು. ಅದು ತಲೆಯೆತ್ತಿ ನೋಡಿತೆಂದರೆ ಆಗಲೇ ಹತ್ತಿರವಾಯಿತೆಂದು ತಿಳಿಯಬೇಕು.

ಅತಿ ಸಲಿಗೆಯೂ ನಷ್ಟವೇ. 2023ರ ಬೇಸಿಗೆಯಲ್ಲಿ ಸಾಂತಾ ಕ್ರೂಸ್ ಕಡಲಿನಲ್ಲಿ 841 ಎಂಬ ಸಂಖ್ಯೆಯ ಹೆಣ್ಣು ನೀರುನಾಯಿಯೊಂದು ಸವಾರರ ಹಲಗೆಗಳನ್ನು ಕಿತ್ತುಕೊಂಡು ಹಲ್ಲಿನಿಂದ ಕಚ್ಚತೊಡಗಿ ಜಗತ್ತಿನ ಸುದ್ದಿಯಾಯಿತು. ಅದರ ತಾಯಿ ಜನರು ಕೊಟ್ಟ ಕೂಂದಲು ಮೀನಿನ ರುಚಿ ಹತ್ತಿ ಕಯಾಕ್‌ಗಳ ಬಳಿಗೆ ಬರತೊಡಗಿದ್ದರಿಂದ ಅದನ್ನು ಕಡಲಿನಿಂದ ಹಿಡಿದು ತರಬೇಕಾಗಿತ್ತು. ಮಗಳು ಹುಟ್ಟಿದ್ದು ಆ ಬಂಧನದಲ್ಲಿ.

ಇನ್ನೊಂದು ಸಂಗತಿ ವರ್ತಕರ ಗಮನಕ್ಕೆ ಯೋಗ್ಯವಾದುದು. ಎಲ್ಕ್‌ಹಾರ್ನ್ ಸ್ಲೂವಿನ ದಡದ ಹುಲ್ಲಿನ ಬೇರುಗಳನ್ನು ಏಡಿಗಳು ತಿಂದು, ಬಿಲ ಕೊರೆದು ಮಣ್ಣು ಕುಸಿಯುವಂತೆ ಮಾಡುತ್ತಿದ್ದವು. ನೀರುನಾಯಿಗಳು ಮರಳಿ ಬಂದು ಆ ಏಡಿಗಳನ್ನು ತಿನ್ನತೊಡಗಿದ ಮೇಲೆ ಕೊರೆತ ತಗ್ಗಿತೆಂದು 2024ರಲ್ಲಿ ನೇಚರ್ ಪತ್ರಿಕೆ ಪ್ರಕಟಿಸಿದ ಅಧ್ಯಯನ ತೋರಿಸಿದೆ. ದೋಣಿ ಸಾಗುವ ಕಿರುಗಾಲುವೆಯ ದಡವನ್ನು ಕಾಯುತ್ತಿರುವುದೂ ಅದೇ ಪ್ರಾಣಿ.

ನಮ್ಮ ನೀರುಗಳಲ್ಲಿ

ಕರ್ನಾಟಕದಲ್ಲೂ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿ.ಮೀ. ತುಂಗಭದ್ರಾ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಭದ್ರಾ ಜಲಾಶಯದಲ್ಲಿ ನೀರು ಇಳಿದಂತೆ ತಲೆಯೆತ್ತುವ ನಡುಗಡ್ಡೆಗಳ ಮೇಲೆ ರೀವ ಹಕ್ಕಿಗಳು ಬರಿ ನೆಲದಲ್ಲೇ ಮೊಟ್ಟೆಯಿಡುತ್ತವೆ. ದೋಣಿ ಹತ್ತಿರ ಬಂದು ತಾಯಿಹಕ್ಕಿ ಎದ್ದು ಹಾರಿದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ. ಅವು ಗೂಡು ಕಟ್ಟುವ ಕಾಲ ಬೇಸಿಗೆ. ನಮ್ಮ ಪ್ರವಾಸಿ ವ್ಯಾಪಾರದ ಕಾಲವೂ ಅದೇ. ಇದು ಸಣ್ಣ ತೊಡಕಲ್ಲ.

ಇದಕ್ಕೆ ಪ್ರತಿಯಾಗಿ ರಂಗನತಿಟ್ಟನ್ನು ನೋಡಬಹುದು. ಅಲ್ಲಿ ಅರಣ್ಯ ಇಲಾಖೆಯ ದೋಣಿಗಳು ಹುಟ್ಟಿನಿಂದಲೇ ನಡೆಯುತ್ತವೆ, ಹಕ್ಕಿಗಳಿಗೆ ಸಾಕಷ್ಟು ಹತ್ತಿರವೂ ಹೋಗುತ್ತವೆ. ಹಕ್ಕಿಗಳು ಗೂಡು ಬಿಟ್ಟು ಏಳುವುದು ಅಪರೂಪ. ದೋಣಿ ನಡೆಸುವವರು ಇಲಾಖೆಯವರು, ದಾರಿ ನಿಗದಿತ, ವೇಗ ನಿಗದಿತ. ಕಯಾಕ್ ಬಾಡಿಗೆಯಲ್ಲಿ ದೋಣಿ ನಡೆಸುವವನು ಗ್ರಾಹಕನೇ. ಪ್ರತಿಯೊಬ್ಬನೂ ತನ್ನ ದಾರಿ ತಾನೇ ಹಿಡಿಯುತ್ತಾನೆ. ಗಂಟೆಯ ಲೆಕ್ಕದ ಬಾಡಿಗೆಯಾದರೆ, ಕೊಟ್ಟ ಹಣಕ್ಕೆ ಏನನ್ನಾದರೂ ಹತ್ತಿರದಿಂದ ಕಂಡೇ ಮರಳಬೇಕೆಂಬ ಅವಸರವೂ ಸೇರುತ್ತದೆ. ಮಾರ್ಗದರ್ಶಿಯ ಹಿಂದೆ ಸಾಲಾಗಿ ಸಾಗುವ ತಂಡ ವಿಹಾರದಲ್ಲಿ ಸಂಬಳದ ವೆಚ್ಚ ಹೆಚ್ಚುತ್ತದೆ. ದರವೂ ಹೆಚ್ಚಿಗೆ ಸಿಗುತ್ತದೆ, ನೀರಿನ ಮೇಲಿನ ದೋಣಿಗಳ ಸಂಖ್ಯೆ ಕೈಯಲ್ಲಿರುತ್ತದೆ, ಅಪಘಾತದ ಭಯವೂ ಕಡಿಮೆ. ಹೊಸಬರು ಆರಿಸಿಕೊಳ್ಳಬೇಕಾದುದು ಎರಡನೆಯದನ್ನೇ.

ಬಂಡವಾಳ ಹೂಡುವ ಮುನ್ನ ಸ್ಥಳದ ಸ್ಥಾನಮಾನವನ್ನು ತಿಳಿದುಕೊಳ್ಳುವುದು ಅಗತ್ಯ. ಅಭಯಾರಣ್ಯದೊಳಗಿನ ನೀರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಂಡ್ಲಾ ಕಾಡುಗಳು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಅತ್ಯಂತ ಕಟ್ಟುನಿಟ್ಟಿನ ವರ್ಗಕ್ಕೆ ಸೇರಿವೆ. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ದೋಣಿ ಇಳಿಸುವ ಜಾಗವನ್ನು ಕಾಂಡ್ಲಾ ಬೇರುಗಳಿಂದ ದೂರ, ಮರಳಿನ ದಡದಲ್ಲಿ ಆಯ್ದುಕೊಂಡರೆ ಕಾನೂನಿನ ತೊಡಕೂ ತಪ್ಪುತ್ತದೆ, ಇಳಿತದ ವೇಳೆಯಲ್ಲಿ ಗ್ರಾಹಕರು ಕೆಸರಿನಲ್ಲಿ ಹೂತುಕೊಳ್ಳುವುದೂ ತಪ್ಪುತ್ತದೆ.