ಅರ್ಧ ಸುತ್ತಿನ ಲೆಕ್ಕ



ನಿಂತಲ್ಲೇ ಓಡುತ್ತಿರುವ ಹಳೆಯ ಮೋಟಾರಿನ ಬಳಿ ಕಿವಿಗೊಟ್ಟರೆ ಎಂಜಿನ್ನಿನ ಮೇಲ್ಭಾಗದಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಸುವುದುಂಟು. ‘ಟ್ಯಾಪೆಟ್ ಸಡಿಲ’ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಸಡಿಲವಾದದ್ದನ್ನು ಬಿಗಿ ಮಾಡಿದರೆ ಆಯಿತಲ್ಲ ಎಂದು ನಮಗೆ ತೋರುವುದು ಸಹಜ. ಆದರೆ ಹೈಡ್ರಾಲಿಕ್ ಲಿಫ್ಟರ್ ಇರುವ ಎಂಜಿನ್ನಿನಲ್ಲಿ ಹೀಗೆ ಬಿಗಿ ಮಾಡುತ್ತ ಹೋದರೆ ಸದ್ದೇನೋ ನಿಲ್ಲುತ್ತದೆ, ಕೆಲವು ದಿನಗಳಲ್ಲಿ ವಾಲ್ವ್ ಸುಟ್ಟುಹೋಗುತ್ತದೆ. ಇದು ಏಕೆ ಎಂಬುದನ್ನು ನೋಡೋಣ.

ಉದಾಹರಣೆಗೆ ಅಮೆರಿಕದ ಷೆವ್ರೊಲೆ ‘ಸ್ಮಾಲ್ ಬ್ಲಾಕ್’ ವಿ-8 ಎಂಜಿನ್ನನ್ನು ತೆಗೆದುಕೊಳ್ಳೋಣ. 1955ರಲ್ಲಿ ಬಂದ ಈ ಎಂಜಿನ್ನಿನ ವಂಶ ದೊಡ್ಡದು. ಅದರ ಹತ್ತು ಕೋಟಿಯ ಎಂಜಿನ್ 2011ರಲ್ಲಿ ತಯಾರಾಯಿತು. ಇದರಲ್ಲಿ ಕ್ಯಾಮ್‌ಷಾಫ್ಟ್ ಕೆಳಗೆ, ಬ್ಲಾಕಿನೊಳಗೆ ತಿರುಗುತ್ತದೆ. ಕ್ಯಾಮಿನ ಉಬ್ಬು ಲಿಫ್ಟರನ್ನು ಎತ್ತುತ್ತದೆ, ಲಿಫ್ಟರ್ ಪುಶ್‌ರಾಡ್ ಎಂಬ ಉದ್ದನೆಯ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ರಾಕರಿನ ಒಂದು ತುದಿಯನ್ನು ಎತ್ತುತ್ತದೆ. ರಾಕರ್ ನಮ್ಮ ಬಾವಿಯ ಏತದಂತೆ. ಒಂದು ತುದಿ ಮೇಲೇರಿದರೆ ಇನ್ನೊಂದು ತುದಿ ಕೆಳಗಿಳಿದು ವಾಲ್ವನ್ನು ತೆರೆಯುತ್ತದೆ. ಏತದ ನಡುಗಂಬಕ್ಕೆ ಇಲ್ಲಿ ಸ್ಟಡ್ ಎಂದು ಹೆಸರು. ಅದರ ಮೇಲಿನ ನಟ್ಟನ್ನು ತಿರುಗಿಸಿದರೆ ರಾಕರ್ ಮೇಲೆ ಕೆಳಗೆ ಸರಿಯುತ್ತದೆ.

ಈ ಸರಪಳಿಯ ಉದ್ದ ಸ್ಥಿರವಲ್ಲ ಎಂಬುದೇ ತೊಡಕು. 200 ಮಿಲಿಮೀಟರು ಉದ್ದದ ಉಕ್ಕಿನ ಕಡ್ಡಿ 80 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 0.19 ಮಿಲಿಮೀಟರು ಹಿಗ್ಗುತ್ತದೆ. ಅಷ್ಟೇ ಉದ್ದದ ಅಲ್ಯೂಮಿನಿಯಂ ಸುಮಾರು 0.37 ಮಿಲಿಮೀಟರು ಹಿಗ್ಗುತ್ತದೆ. ಎಂಜಿನ್ನಿನ ಒಡಲು ಅಲ್ಯೂಮಿನಿಯಂ ಆಗಿದ್ದರೆ ನಡುವೆ ಸಂದು ಬೀಳುತ್ತದೆ. ಇನ್ನೊಂದೆಡೆ ಉರಿಯ ಬಾಯಲ್ಲಿರುವ ವಾಲ್ವ್ ತಾನೇ ಉದ್ದವಾಗುತ್ತದೆ, ಅದು ಕೂರುವ ಸೀಟು ವರ್ಷಗಳು ಕಳೆದಂತೆ ಸವೆಯುತ್ತದೆ. ಇವೆರಡೂ ಸಂದನ್ನು ಮುಚ್ಚುತ್ತವೆ. ಅಂದರೆ ವ್ಯತ್ಯಾಸ ಎರಡೂ ದಿಕ್ಕಿಗೆ ಆಗಬಹುದು.

ಇದಕ್ಕೆ ಉತ್ತರವೇ ಹೈಡ್ರಾಲಿಕ್ ಲಿಫ್ಟರ್. ಇದರ ಹೊರಚಿಪ್ಪಿನೊಳಗೆ ಪ್ಲಂಜರ್ ಎಂಬ ಸಣ್ಣ ಕೊಂತವಿದೆ. ಅದರ ಕೆಳಗೆ ಎಣ್ಣೆಯ ಕೋಣೆ, ಹಗುರವಾದ ಸ್ಪ್ರಿಂಗು, ಎಣ್ಣೆ ಹಿಂದೆ ಹೋಗದಂತೆ ತಡೆಯುವ ಗುಂಡು. ವಾಲ್ವ್ ಮುಚ್ಚಿರುವಾಗ ಸ್ಪ್ರಿಂಗು ಪ್ಲಂಜರನ್ನು ಎತ್ತಿ ಸಂದು ತುಂಬುತ್ತದೆ, ಕೋಣೆಗೆ ಎಣ್ಣೆ ಬರುತ್ತದೆ. ಕ್ಯಾಮ್ ಎತ್ತಿದೊಡನೆ ಗುಂಡು ದಾರಿ ಮುಚ್ಚುತ್ತದೆ. ಎಣ್ಣೆ ಹೆಚ್ಚುಕಡಿಮೆ ಕುಗ್ಗದ ವಸ್ತುವಾದ್ದರಿಂದ ಲಿಫ್ಟರ್ ಗಟ್ಟಿ ಉಕ್ಕಿನಂತೆ ವರ್ತಿಸುತ್ತದೆ. ಅಷ್ಟರಲ್ಲಿ ಪ್ಲಂಜರಿನ ಅಂಚಿನಿಂದ ಒಂದಿಷ್ಟು ಎಣ್ಣೆ ಜಿನುಗುತ್ತದೆ. ಮುಂದಿನ ಸುತ್ತಿನಲ್ಲಿ ಅದು ಭರ್ತಿಯಾಗುತ್ತದೆ.

ಈ ಪ್ಲಂಜರಿಗೆ ಮೇಲೇರಲೂ ಕೆಳಗಿಳಿಯಲೂ ಜಾಗ ಬೇಕು. ಆದ್ದರಿಂದ ಅದನ್ನು ಮೊದಲೇ ಸ್ವಲ್ಪ ಅದುಮಿ ಇಡುತ್ತಾರೆ. ಇದಕ್ಕೆ ಪ್ರಿಲೋಡ್ ಎಂದು ಹೆಸರು. ‘ಲೋಡ್’ ಎಂಬ ಪದ ನಮ್ಮನ್ನು ದಾರಿ ತಪ್ಪಿಸುತ್ತದೆ. ಇದು ಬಿಗಿತದ ಅಳತೆಯಲ್ಲ, ಜಾಗದ ಅಳತೆ. ಕಡಿಮೆಯಾದರೆ ಪ್ಲಂಜರ್ ಮೇಲಿನ ರಿಂಗಿಗೆ ತಗುಲಿ ಟಿಕ್ ಟಿಕ್ ಎನ್ನುತ್ತದೆ. ಅತಿಯಾದರೆ ತಳಕ್ಕೆ ಕೂತುಬಿಡುತ್ತದೆ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಗ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಭಾಗವನ್ನು ಕಳೆದುಕೊಳ್ಳುವುದು ಸೀಟಿಗೆ ಒತ್ತಿ ಕೂತಾಗ. ಕೂರದಿದ್ದರೆ ಬೆಂಕಿಯಂಥ ಅನಿಲ ಸಂದಿಯಲ್ಲಿ ನುಗ್ಗಿ ಅಂಚನ್ನು ಸುಡುತ್ತದೆ. ಆಮೇಲೆ ಹೆಡ್ ಇಳಿಸದೆ ಬೇರೆ ಉಪಾಯವಿಲ್ಲ.

ಇನ್ನು ಹೊಂದಿಸುವ ಕ್ರಮ. ಕ್ಯಾಮಿನ ಉಬ್ಬು ಲಿಫ್ಟರಿನ ಕೆಳಗೆ ಇರಬಾರದು. ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ, ಒಂದು ಸಿಲಿಂಡರಿನ ಎಗ್ಸಾಸ್ಟ್ ತೆರೆಯತೊಡಗಿದಾಗ ಅದರ ಇನ್‌ಲೆಟ್ಟನ್ನು ಹೊಂದಿಸಬೇಕು. ಇನ್‌ಲೆಟ್ ಪೂರ್ತಿ ತೆರೆದು ಮುಚ್ಚುತ್ತ ಬಂದಾಗ ಎಗ್ಸಾಸ್ಟನ್ನು ಹೊಂದಿಸಬೇಕು. ಮೊದಲು ನಟ್ಟನ್ನು ಸಡಿಲಿಸಿ. ಪುಶ್‌ರಾಡನ್ನು ಎರಡು ಬೆರಳಿನಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸುತ್ತ ನಿಧಾನವಾಗಿ ಬಿಗಿ ಮಾಡಿ. ಆ ಆಟ ನಿಂತ ಕ್ಷಣವೇ ಸೊನ್ನೆಯ ಸ್ಥಾನ.

ಬಹಳ ಜನ ಎಡವುವುದು ಇಲ್ಲೇ. ಹಳೆಯ ಬುಲೆಟ್ ಮೋಟಾರ್ ಸೈಕಲ್ ಬಲ್ಲವರು ಪುಶ್‌ರಾಡನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಾರೆ. ಅದರಲ್ಲಿರುವುದು ಗಟ್ಟಿ ಟ್ಯಾಪೆಟ್ ಆದ್ದರಿಂದ ಅದು ಸರಿ. ಇಲ್ಲಿ ಒಳಗಿನ ಸ್ಪ್ರಿಂಗು ತೀರ ಮೆದು. ಕಡ್ಡಿ ತಿರುಗದಂತೆ ಬಿಗಿಯಾಗುವ ಹೊತ್ತಿಗೆ ಪ್ಲಂಜರ್ ಆಗಲೇ ಸಾಕಷ್ಟು ಇಳಿದಿರುತ್ತದೆ. ಅದನ್ನೇ ಸೊನ್ನೆ ಎಂದು ತಿಳಿದು ಮುಂದೆ ಬಿಗಿ ಮಾಡಿದರೆ ತಪ್ಪಿನ ಮೇಲೆ ತಪ್ಪು.

ಸೊನ್ನೆಯಿಂದ ಮುಂದೆ ಅರ್ಧ ಸುತ್ತಿನಿಂದ ಒಂದು ಸುತ್ತಿನವರೆಗೆ ಬಿಗಿ ಮಾಡುವುದು ರೂಢಿ. ಅಂತಿಮ ಮಾತು ಆಯಾ ಎಂಜಿನ್ನಿನ ಕೈಪಿಡಿಯದೇ. ಅರ್ಧ ಸುತ್ತೆಂದರೆ ಎಷ್ಟು? ಸ್ಟಡ್ಡಿನ ಮರೆ ಅಂಗುಲಕ್ಕೆ 24. ಆದ್ದರಿಂದ ಒಂದು ಸುತ್ತಿಗೆ ನಟ್ಟು 1.06 ಮಿಲಿಮೀಟರು ಇಳಿಯುತ್ತದೆ, ಅರ್ಧ ಸುತ್ತಿಗೆ 0.53. ಪ್ಲಂಜರ್ ಕೂಡ ಅಷ್ಟೇ ಇಳಿಯುತ್ತದೆಯೇ? ಇಲ್ಲ. ವಾಲ್ವಿನ ಸ್ಪ್ರಿಂಗು ಬಲವಾದದ್ದು, ಆ ತುದಿ ಕದಲುವುದಿಲ್ಲ; ಅದೇ ಈಗ ಆನಿಕೆ. ರಾಕರಿನ ಅನುಪಾತ 1.5. ಹಾಗಾಗಿ ಪುಶ್‌ರಾಡಿನ ತುದಿ 0.53ರ 2.5/1.5 ಪಟ್ಟು, ಅಂದರೆ ಸುಮಾರು 0.88 ಮಿಲಿಮೀಟರು ಇಳಿಯುತ್ತದೆ. ಒಂದು ಸುತ್ತಿಗೆ 1.76. ಪ್ಲಂಜರಿಗೆ ಇರುವ ಒಟ್ಟು ಜಾಗವೇ ಕೆಲವು ಮಿಲಿಮೀಟರು. ಸೊನ್ನೆಯನ್ನು ಗುರುತಿಸುವಲ್ಲಿ ಅರ್ಧ ಸುತ್ತು ತಪ್ಪಿದರೂ ಅದು ಸಣ್ಣ ತಪ್ಪಲ್ಲ ಎಂಬುದನ್ನು ಈ ಲೆಕ್ಕದಿಂದ ನೀವೇ ಕಾಣಬಹುದು.

ಎಣ್ಣೆ ತುಂಬಿದ ಲಿಫ್ಟರ್ ಒಮ್ಮೆಲೇ ಕುಗ್ಗುವುದಿಲ್ಲ. ನಟ್ಟು ಬಿಗಿದೊಡನೆ ಅದು ವಾಲ್ವನ್ನೇ ಕೊಂಚ ತೆರೆದುಬಿಡಬಹುದು. ಕೆಲವು ನಿಮಿಷ ಬಿಟ್ಟರೆ ಎಣ್ಣೆ ಜಿನುಗಿ ಪ್ಲಂಜರ್ ತನ್ನ ಜಾಗಕ್ಕೆ ಬರುತ್ತದೆ. ಅಲ್ಲಿಯವರೆಗೆ ಎಂಜಿನ್ನನ್ನು ತಿರುಗಿಸಬಾರದು. ಇನ್ನು ನಟ್ಟಿನ ಮಾತು. ಸ್ಟಡ್ಡನ್ನು ತಾನೇ ಕಚ್ಚಿ ಹಿಡಿಯುವಂತೆ ಅದರ ಬಾಯನ್ನು ಅಮುಕಿರುತ್ತಾರೆ. ಹಲವು ಸಲ ಬಿಚ್ಚಿ ಹಾಕಿದರೆ ಆ ಹಿಡಿತ ಹೋಗುತ್ತದೆ. ಸ್ಪ್ಯಾನರಿಲ್ಲದೆ ಬೆರಳಿನಲ್ಲೇ ತಿರುಗುವ ನಟ್ಟನ್ನು ಎಸೆದು ಹೊಸದನ್ನು ಹಾಕಬೇಕು. ಇಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ಅದು ಸಡಿಲಗೊಂಡು, ಮೊದಲಿನ ಟಿಕ್ ಟಿಕ್ ಸದ್ದು ಮತ್ತೆ ಕೇಳಿಸುತ್ತದೆ.