ಬೊಂಬೆಗೂ ವಿಮಾನಕ್ಕೂ ಒಂದೇ ಸುಂಕ

ನವಲಗುಂದ, ಅಣ್ಣಿಗೇರಿಯ ಜಾತ್ರೆ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಚೀನಾ ಆಟಿಕೆಗಳದ್ದೇ ದರ್ಬಾರು. ಕೀಲಿ ಕೊಟ್ಟರೆ ಓಡುವ ಕಾರು, ಗುಂಡಿ ಒತ್ತಿದರೆ ಕೂಗುವ ಬಂದೂಕು, ಎಲ್ಲ ಅಗ್ಗ.

2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಜಿಗಿಯಿತು. 2023ರಲ್ಲಿ ಶೇ 70 ಆಯಿತು. ನಡುವೆ, 2021ರ ಜನವರಿ 1ರಿಂದ ಐಎಸ್‌ಐ ಗುರುತೂ ಕಡ್ಡಾಯವಾಯಿತು. 2018–19ರಲ್ಲಿ 37.1 ಕೋಟಿ ಡಾಲರ್ ಇದ್ದ ಆಮದು 2021–22ಕ್ಕೆ 11 ಕೋಟಿಗೆ ಇಳಿಯಿತು. ಅದರಲ್ಲಿ ಕೋವಿಡ್ಡಿನ ಪಾಲೂ ಇದ್ದೀತು.

ಲಾಭ ಯಾರಿಗೆ? ಅಣ್ಣಿಗೇರಿಯಲ್ಲಿ ರೈಲು ಹತ್ತಿ ಗದಗ ದಾಟಿದರೆ, ಕೊಪ್ಪಳಕ್ಕೂ ಮೊದಲೇ ಭಾನಾಪುರ. ಅಲ್ಲಿ ಸುಮಾರು 400 ಎಕರೆಯ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಅದೇ ಜಿಲ್ಲೆಯ ಕಿನ್ನಾಳದ ಮರದ ಬೊಂಬೆಗಳಿಗೆ ಭೌಗೋಳಿಕ ಗುರುತು ಇರುವುದರಿಂದ ಐಎಸ್‌ಐ ಕಟ್ಟಳೆಯಿಂದ ವಿನಾಯಿತಿಯೂ ಸಿಕ್ಕಿದೆ.

ಪೆಟ್ಟು ಬಿದ್ದದ್ದು ಕಿರುಮಾದರಿ ಕಟ್ಟುವ ಹವ್ಯಾಸಿಗಳಿಗೆ. ಸುಂಕಪಟ್ಟಿಯ 9503ನೇ ಶೀರ್ಷಿಕೆಯಲ್ಲಿ ಬೊಂಬೆ, ಪಜಲ್ ಜೊತೆಗೇ ವಿಮಾನ, ರೈಲುಗಳ ಕಿರುಮಾದರಿಗಳನ್ನೂ ತುರುಕಲಾಗಿದೆ. ವ್ಯಾಪಾರಿ ₹1,000ದ ವಿಮಾನದ ಕಿಟ್ ತರಿಸಿದರೆ ಸುಂಕವೇ ₹700. ಜಿಎಸ್‌ಟಿ ಬೀಳುವುದು ₹1,700ರ ಮೇಲೆ. ಆಮೇಲೆ ಸಾಗಣೆ, ಅಂಗಡಿಯವನ ಲಾಭ.

ಜಾತ್ರೆ ಕಾರನ್ನು ಲಕ್ಷಗಟ್ಟಲೆ ಅಚ್ಚು ಹಾಕಬಹುದು, ಆದ್ದರಿಂದ ಕಾರ್ಖಾನೆ ಗಿಟ್ಟುತ್ತದೆ. ಕೂದಲೆಳೆಯಷ್ಟು ನಿಖರತೆ ಬೇಕಾದ ಕಿಟ್‌ನ ಅಚ್ಚು ದುಬಾರಿ, ಕೊಳ್ಳುವವರು ಬೆರಳೆಣಿಕೆ. ಇಂಥ ಸರಕಿಗೆ ಬೇರೆ, ಕಡಿಮೆ ದರ ಇಡುವುದೇ ನ್ಯಾಯ.