ಸಿಜೊ: ಮೂರನೇ ಸಾಲಿನಲ್ಲಿ ತಿರುಗುವ ಲಯ

ಕೊರಿಯನ್ನರ ಸಾಂಪ್ರದಾಯಿಕ ಪದ್ಯ ಸಿಜೊಗೆ ಇರುವುದು ಮೂರೇ ಸಾಲು. ಪ್ರತಿ ಸಾಲಿನಲ್ಲೂ ನಾಲ್ಕು ಗಣ. ಒಟ್ಟು 45 ಅಕ್ಷರಗಳ ಆಸುಪಾಸು. ನಮ್ಮ ಛಂದಸ್ಸಿನಂತೆ ಇಲ್ಲಿ ಲಘು–ಗುರುಗಳ ಮಾತ್ರೆ ಲೆಕ್ಕವಿಲ್ಲ. ‘ನಾ’ ಎಂದರೂ ‘ನಾಲ್’ ಎಂದರೂ ಎಣಿಕೆಗೆ ಒಂದೇ. ಅಂತ್ಯಪ್ರಾಸದ ಕಟ್ಟುಪಾಡೂ ಇಲ್ಲ.

ಮೊದಲೆರಡು ಸಾಲುಗಳು ಹೆಚ್ಚುಕಡಿಮೆ 3-4-3-4 ಎಂದು ನಡೆಯುತ್ತವೆ. ಒಂದು ಅಕ್ಷರ ಹೆಚ್ಚಾದರೂ ಕಡಿಮೆಯಾದರೂ ಯಾರೂ ಆಕ್ಷೇಪಿಸುವುದಿಲ್ಲ. ಮೂರನೇ ಸಾಲಿನ ಮಾತು ಬೇರೆ: 3-5-4-3. ಅದರ ಮೊದಲ ಗಣಕ್ಕೆ ಮೂರೇ ಅಕ್ಷರ, ಅಲ್ಲಿ ಸಡಿಲಿಕೆ ಇಲ್ಲ. ‘ಅಮಾದೊ’ (ಬಹುಶಃ) ಎಂಬಂಥ ಚಿಕ್ಕ ಮಾತೊಂದು ಅಲ್ಲಿ ಬಂದು ಕೂರುತ್ತದೆ. ಅದರ ಬೆನ್ನಿಗೇ ಬರುವ ಎರಡನೇ ಗಣ ಐದಕ್ಕೆ, ಕೆಲವೊಮ್ಮೆ ಅದಕ್ಕೂ ಮೇಲಕ್ಕೆ ಉಬ್ಬುತ್ತದೆ. ಎರಡು ಸಾಲುಗಳಲ್ಲಿ ಅಭ್ಯಾಸವಾದ ನಡೆ ಇಲ್ಲಿ ಗಕ್ಕನೆ ತಡೆದು, ಮರುಕ್ಷಣವೇ ಹಿಗ್ಗುತ್ತದೆ. ಪದ್ಯದ ಭಾವ ಹೊರಳುವುದೂ ಸಾಮಾನ್ಯವಾಗಿ ಇಲ್ಲೇ. ಸಿಜೊದ ಜೀವ ಇರುವುದು ಈ ಎರಡು ಗಣಗಳಲ್ಲಿ ಎಂದೇ ನನ್ನ ನಂಬಿಕೆ.

ಇನ್ನು ಧ್ವನಿಯ ಏರಿಳಿತ. 15ನೇ ಶತಮಾನದ ಕೊರಿಯನ್ನಿನಲ್ಲಿ ಸ್ವರಭಾರವಿತ್ತು. 1446ರಲ್ಲಿ ಹೊಸ ಲಿಪಿ ಪ್ರಕಟವಾದಾಗ ಅಕ್ಷರದ ಎಡಕ್ಕೆ ಚುಕ್ಕಿಯಿಟ್ಟು ಅದನ್ನು ಗುರುತಿಸುತ್ತಿದ್ದರು. ಚುಕ್ಕಿ ಇಲ್ಲದಿದ್ದರೆ ತಗ್ಗು, ಒಂದಿದ್ದರೆ ಎತ್ತರ, ಎರಡಿದ್ದರೆ ತಗ್ಗಿನಿಂದ ಏರು. ಗ್ಯೊಂಗ್‌ಸಾಂಗ್ ಪ್ರಾಂತ್ಯದ ಆಡುಮಾತಿನಲ್ಲಿ ಈ ಬಗೆಯ ಭೇದ ಇಂದಿಗೂ ಇದೆ, ಸೋಲ್ ನಗರದ ಮಾತಿನಲ್ಲಿ ಉಳಿದಿಲ್ಲ. ಅಲ್ಲಿ ಪದಗುಚ್ಛವೇ ರಾಗ ಎಳೆಯುತ್ತದೆ: ಸಾಮಾನ್ಯವಾಗಿ ತಗ್ಗಿನಲ್ಲಿ ಶುರುವಾಗಿ ತುದಿಯಲ್ಲಿ ಏರುತ್ತದೆ; ಮಹಾಪ್ರಾಣ ಅಥವಾ ಒತ್ತಿ ಉಚ್ಚರಿಸುವ ವ್ಯಂಜನ ಮೊದಲಿಗಿದ್ದರೆ ಎತ್ತರದಲ್ಲೇ ಶುರು. ಹಾಗಾಗಿ ಓದುವಾಗ ಒಂದೊಂದು ಗಣವನ್ನೂ ಒಂದು ಗುಚ್ಛವಾಗಿ ಹಿಡಿದು, ತುದಿಯನ್ನು ತುಸು ಎತ್ತಿ, ಕೊಂಚ ತಡೆದು ಮುಂದಿನದಕ್ಕೆ ಹೋಗಬೇಕು. ಕೊನೆಯ ಗಣದಲ್ಲಿ ದನಿ ಇಳಿಯಲಿ.

ಆದರೆ ಸಿಜೊ ಹುಟ್ಟಿದ್ದು ಹಾಡಲಿಕ್ಕೆ. 1728ರಲ್ಲಿ ಕಿಮ್ ಚೊನ್‌ತೆಕ್ ಸಂಪಾದಿಸಿದ ಪ್ರಸಿದ್ಧ ಸಂಕಲನ ‘ಚೊಂಗುಯೊಂಗೊನ್’ ಕೂಡ ಹಾಡುವವರ ಪುಸ್ತಕವೇ. ಸಿಜೊಚಾಂಗ್ ಎಂಬ ಗಾಯನದಲ್ಲಿ ಜಾಂಗು ಮದ್ದಳೆಯೊಂದಿದ್ದರೆ ಸಾಕು. ಅದೂ ಇಲ್ಲದಿದ್ದರೆ ತೊಡೆ ತಟ್ಟಿಯೇ ತಾಳ. ಐದು ಮತ್ತು ಎಂಟು ಪೆಟ್ಟಿನ ಆವರ್ತಗಳು ಬೆರೆತು ಬರುತ್ತವೆ: ಮೊದಲೆರಡು ಸಾಲಿಗೆ 5-8-8-5-8, ಮೂರನೆಯದಕ್ಕೆ 5-8-5-8. ಒಟ್ಟು 94 ಪೆಟ್ಟು, ಅಂದರೆ ಒಂದು ಅಕ್ಷರಕ್ಕೆ ಸರಾಸರಿ ಎರಡಕ್ಕೂ ಹೆಚ್ಚು. ಇಷ್ಟು ನಿಧಾನವಾಗಿ ಎಳೆಯುವಾಗ ಸ್ವರಗಳೇ ಬಿಡಿಯಾಗುತ್ತವೆ: ಹಕ್ಕಿ ಎಂಬರ್ಥದ ‘ಸೆ’ ಹಾಡುಗಾರರ ಬಾಯಲ್ಲಿ ‘ಸಾ-ಇ’ ಆಗುತ್ತದೆ. ಮೂರನೇ ಸಾಲಿನ ಕೊನೆಯ ಗಣವನ್ನಂತೂ ಹಾಡುವುದೇ ಇಲ್ಲ. ಸಾಮಾನ್ಯವಾಗಿ ಅದು ಕ್ರಿಯಾಪದದ ಬಾಲ. ಕೇಳುಗರೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾರೆ.